ಪೈನ್ ಹಲಗೆಯ ಗೂಬೆ ಪೆಟ್ಟಿಗೆ: ಗೋಡೆ ಸರಿ, ತಳ ಬದಲಿಸಿ

ಗದ್ದೆ, ತೋಟದಲ್ಲಿ ಇಲಿಗಳ ಹತೋಟಿಗೆಂದು ಕಣಜ ಗೂಬೆಗೆ ಕಟ್ಟುವ ಪೆಟ್ಟಿಗೆಗಳು ಪೈನ್ ಹಲಗೆಯಲ್ಲೂ ಸಿಗುತ್ತವೆ. ಹಕ್ಕಿಗೆ ಮರ ಯಾವುದಾದರೂ ಆದೀತು; ಕತ್ತಲು, ಆಳ, ಮಳೆ ಸೋರದ ಮಾಡು ಇದ್ದರೆ ಸಾಕು. ತೊಂದರೆ ಇರುವುದು ಪೈನ್‌ನಲ್ಲಿ.

ಕಣಜ ಗೂಬೆ ಕಡ್ಡಿ ತಂದು ಗೂಡು ಕಟ್ಟುವುದಿಲ್ಲ. ತಾನು ಕಾರಿದ ಕೂದಲು, ಮೂಳೆಯ ಉಂಡೆಗಳ ಮೇಲೇ ಮೊಟ್ಟೆಯಿಡುತ್ತದೆ. ಕಾವಿಗೆ ಸುಮಾರು 30 ದಿನ, ಮರಿ ಹಾರುವುದಕ್ಕೆ ಮತ್ತೆ ಎರಡು ತಿಂಗಳು. ಅಷ್ಟು ದಿನವೂ ಹಿಕ್ಕೆ, ಇಲಿಯ ತುಣುಕುಗಳು ತಳದಲ್ಲೇ ಕೊಳೆಯುತ್ತವೆ. ಪೈನ್‌ಗೆ ತೇವ ತಡೆಯುವ ಶಕ್ತಿ ಕಡಿಮೆ: ಬೂಷ್ಟು ಹಿಡಿಯುತ್ತದೆ, ಹಲಗೆ ಉಬ್ಬಿ ಮೊಳೆ ಸಡಿಲವಾಗುತ್ತದೆ, ಗೆದ್ದಲು ಹತ್ತುತ್ತದೆ. ಹಾಗಾಗಿ ತಳ ಬಿಚ್ಚಿ 12 ಮಿ.ಮೀ. ಮರೈನ್ ಪ್ಲೈ (ನೀರು ತಾಳುವ ಪ್ಲೈವುಡ್, ಐಎಸ್ 710 ಗುರುತಿನದ್ದು) ಹಾಕಿ, ಮೊಳೆಯ ಬದಲು ಸ್ಕ್ರೂ ಬಿಗಿಸಿ, ನಾಲ್ಕು ಮೂಲೆಯಲ್ಲೂ 10 ಮಿ.ಮೀ. ತೂತು ಕೊರೆಯಿರಿ. ಗೋಡೆಗಳಿಗೆ ಪೈನ್ ಇರಲಿ. 60×40×60 ಸೆಂ.ಮೀ. ಅಳತೆಯ ಪೆಟ್ಟಿಗೆಗೆ 18 ಮಿ.ಮೀ. ಪೈನ್ ಹಲಗೆ ಬಳಸಿದರೂ ತೂಕ 15 ಕೆ.ಜಿ. ಆಸುಪಾಸು, ತೇಗದ್ದಾದರೆ 20 ಆದೀತು. ಹಗ್ಗ ಕಟ್ಟಿ ಮೇಲೆತ್ತುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕೊಳ್ಳುವಾಗ ಟೇಪು ಹಿಡಿದು ಅಳೆಯಲೇಬೇಕಾದದ್ದು ಬಾಗಿಲಿನ ಅಂಚಿನಿಂದ ತಳದವರೆಗಿನ ಆಳ. 45 ಸೆಂ.ಮೀ.ಗೆ ಕಡಿಮೆಯಿದ್ದರೆ ಬೇಡವೆನ್ನಿ. ಹಾರಲು ಬಾರದ ಮರಿ ಹೊರಗಿಣುಕಿ ಬಿದ್ದರೆ ತಾಯಿ-ತಂದೆ ನೆಲಕ್ಕಿಳಿದು ಉಣಿಸುವುದು ಅಪರೂಪ, ಮರಿ ಉಪವಾಸ ಸಾಯುತ್ತದೆ. ಬಾಗಿಲು 13 ಸೆಂ.ಮೀ. ಚೌಕವಿದ್ದರೆ ಸರಿ.

ಹಳೆ ಪ್ಯಾಕಿಂಗ್ ಹಲಗೆಯಿಂದ ಮಾಡಿದ್ದಾದರೆ ಅದರ ಮೇಲಿನ ಸುಟ್ಟ ಮುದ್ರೆ ನೋಡಿ. 'ಎಚ್‌ಟಿ' ಎಂದಿದ್ದರೆ ಬಿಸಿಯಿಂದ ಸಂಸ್ಕರಿಸಿದ್ದು, ತೆಗೆದುಕೊಳ್ಳಬಹುದು. 'ಎಂಬಿ' ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಕೊಟ್ಟದ್ದು, ಬಿಟ್ಟುಬಿಡಿ.

ಒಳಗೆ ಬಣ್ಣ, ವಾರ್ನಿಷ್ ಯಾವುದೂ ಬೇಡ. ಹೊರಗೆ ನೀರಿನ ಬಣ್ಣ ಎರಡು ಕೋಟ್ ಹೊಡೆದು, ವಾಸನೆ ಪೂರ್ತಿ ಹೋದಮೇಲೆ 10-15 ಅಡಿ ಎತ್ತರದಲ್ಲಿ ಕಟ್ಟಿ. ನೈರುತ್ಯ ಮುಂಗಾರಿನ ಎರಚಲು ಹೊಡೆಯದಂತೆ ಬಾಗಿಲು ಪೂರ್ವಕ್ಕಿರಲಿ. ಮರಿಗಳು ಹಾರಿಹೋದಮೇಲಷ್ಟೇ ಹಿಂದಿನ ಕದ ತೆಗೆದು ಕಸ ಬಳಿಯಿರಿ. ಹಿಂಬದಿಗೆ ಕದವೇ ಇಲ್ಲದ ಮಾದರಿ ಕೊಳ್ಳಬೇಡಿ.

ಹೊಲದಲ್ಲಿ ಬ್ರೋಮಾಡಿಯೋಲೋನ್ ಎಂಬ ಇಲಿ ಪಾಷಾಣದ ಬಿಲ್ಲೆ ಇಡುತ್ತಿದ್ದರೆ ಪೆಟ್ಟಿಗೆ ಕಟ್ಟುವ ಮುಂಚೆಯೇ ನಿಲ್ಲಿಸಿ. ಅದನ್ನು ತಿಂದ ಇಲಿ ಕೆಲವು ದಿನ ಓಡಾಡಿಕೊಂಡೇ ಇರುತ್ತದೆ, ಗೂಬೆಗೆ ಮೊದಲು ಸಿಗುವುದೂ ಅದೇ.