ವಾಸಾ ಮ್ಯೂಸಿಯಂ, ಸ್ಟಾಕ್‌ಹೋಮ್: ಮುಳುಗಿದ ಹಡಗು ನೋಡೋಕೆ ಇಷ್ಟು ದುಡ್ಡು ಕೊಡಬಹುದಾ?

ಕೊಡಬಹುದು. ಸ್ಟಾಕ್‌ಹೋಮ್‌ನಲ್ಲಿ ಒಂದೇ ಒಂದು ಮ್ಯೂಸಿಯಂಗೆ ದುಡ್ಡು ಬಿಚ್ಚುವುದಾದರೆ ವಾಸಾಗೆ ಬಿಚ್ಚಿ, ಉಳಿದದ್ದು ಆಮೇಲೆ. ಟಿಕೆಟ್ ಸುಮಾರು 200 ಕ್ರೋನರ್, ಸೀಸನ್ ನೋಡಿಕೊಂಡು ಏರಿಳಿಯುತ್ತದೆ. ರೂಪಾಯಿ ಲೆಕ್ಕ ಹಾಕಿದರೆ ಎದೆ ಧಸಕ್ ಅನ್ನುತ್ತೆ, ಹಾಕಬೇಡಿ. 18 ವರ್ಷದೊಳಗಿನವರಿಗೆ ಉಚಿತ.

ಒಳಗೆ ಹೋದರೆ ಮಂದ ಬೆಳಕು. ಎದುರಿಗೆ ವಾಸಾ, 69 ಮೀಟರ್ ಉದ್ದದ ಮರದ ಯುದ್ಧದ ಹಡಗು. ಫೋಟೋದಲ್ಲಿ ಇದರ ಗಾತ್ರ ಗೊತ್ತೇ ಆಗುವುದಿಲ್ಲ. ಮಾದರಿ ಮಾಡಿ ನಿಲ್ಲಿಸಿದ್ದಲ್ಲ, ಮರದಲ್ಲಿ ಬಹುಪಾಲು 1628ರದ್ದೇ. ಆ ವರ್ಷದ ಆಗಸ್ಟ್ 10ರಂದು ಇದು ಮೊದಲ ಸಲ ಹಾಯಿ ಬಿಚ್ಚಿ ಹೊರಟಿತು, ಬರೀ 1,300 ಮೀಟರ್ ಹೋಗುವಷ್ಟರಲ್ಲಿ ಜೋರು ಗಾಳಿ ಬೀಸಿತು, ಹಡಗು ವಾಲಿತು, ತೆರೆದಿದ್ದ ತೋಪಿನ ಕಿಂಡಿಗಳಿಂದ ನೀರು ನುಗ್ಗಿ ಬಂದರಿನೊಳಗೇ ಮುಳುಗಿ ಹೋಯಿತು. ಸುಮಾರು 30 ಜನ ಸತ್ತರು.

ಯಾಕೆ ಮುಳುಗಿತು ಅನ್ನುವುದನ್ನು ಇಲ್ಲಿ ಹೇಳಿರುವ ರೀತಿಯೇ ನನಗೆ ತುಂಬಾ ಹಿಡಿಸಿದ್ದು. ಎರಡು ಅಂತಸ್ತಿನಲ್ಲಿ ತೋಪು, ಒಟ್ಟು 64. ಮೇಲ್ಭಾಗ ಭಾರ, ತಳದಲ್ಲಿ ಅದನ್ನು ಹಿಡಿದು ನಿಲ್ಲಿಸುವಷ್ಟು ತೂಕ ಇಲ್ಲ. ಹೊರಡುವ ಮೊದಲೇ ಪರೀಕ್ಷೆ ಮಾಡಿದ್ದರು. 30 ಜನರನ್ನು ಡೆಕ್ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿದರು, ಹಡಗು ಎಷ್ಟು ತೂಗಾಡಿತು ಅಂದರೆ ಪರೀಕ್ಷೆಯನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಆದರೂ ಕಳಿಸಿದರು, ಸ್ವೀಡನ್ನಿನ ರಾಜ ಎರಡನೇ ಗುಸ್ತಾವ್ ಅಡಾಲ್ಫ್‌ಗೆ ಪೋಲೆಂಡ್ ಮೇಲಿನ ಯುದ್ಧಕ್ಕೆ ಹಡಗು ಬೇಗ ಬೇಕಿತ್ತು. ಆಮೇಲೆ ವಿಚಾರಣೆ ನಡೆಯಿತು. ಹಡಗು ಕಟ್ಟಿದ ಮೇಸ್ತ್ರಿ ಹಿಂದಿನ ವರ್ಷವೇ ತೀರಿಕೊಂಡಿದ್ದ, ಅಳತೆಗೆ ಒಪ್ಪಿಗೆ ಕೊಟ್ಟಿದ್ದು ಸ್ವತಃ ರಾಜ. ಯಾರಿಗೂ ಶಿಕ್ಷೆ ಆಗಲಿಲ್ಲ! ಸರ್ಕಾರಿ ಕಡತ ಎಲ್ಲ ಕಾಲದಲ್ಲೂ ಒಂದೇ ಥರ ಅಲ್ವಾ? ಹಡಗಿನೊಳಗೆ ಬಡಗಿಗಳ ನಾಲ್ಕು ಅಳತೆಪಟ್ಟಿ ಸಿಕ್ಕಿವೆ, ಎರಡು ಸ್ವೀಡನ್ನಿನ ಅಡಿಯ ಲೆಕ್ಕದವು, ಎರಡು ಆಮ್‌ಸ್ಟರ್‌ಡ್ಯಾಮ್ ಅಡಿಯವು. ಒಂದರಲ್ಲಿ ಅಡಿಗೆ 12 ಇಂಚು, ಇನ್ನೊಂದರಲ್ಲಿ 11. ಅಂದರೆ ಕಟ್ಟಿದವರ ಅಳತೆಯೇ ಒಂದೇ ಇರಲಿಲ್ಲ.

333 ವರ್ಷ ನೀರಿನಲ್ಲಿ ಉಳಿದಿದ್ದು ಹೇಗೆ? ಬಾಲ್ಟಿಕ್ ನೀರಿನಲ್ಲಿ ಉಪ್ಪು ಕಮ್ಮಿ, ಮರ ಕೊರೆಯುವ ಸಮುದ್ರದ ಹುಳು ಅಲ್ಲಿ ಬದುಕುವುದಿಲ್ಲ. 1961ರಲ್ಲಿ ಮೇಲೆತ್ತಿದ ಮೇಲೆ ಮರ ಒಣಗಿ ಬಿರಿಯದಿರಲಿ ಅಂತ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವನ್ನು 17 ವರ್ಷ ಸಿಂಪಡಿಸಿದರು. ಕೆಳಗಿನ ಮಹಡಿಯಲ್ಲಿ ಅಸ್ಥಿಪಂಜರಗಳಿವೆ, ಸುಮ್ನೆ ದಾಟಿ ಹೋಗಬೇಡಿ. ವರ್ಷಗಟ್ಟಲೆ 'ಗುಸ್ತಾವ್' ಅಂತ ಕರೆಯುತ್ತಿದ್ದ ಒಂದು ಅಸ್ಥಿಪಂಜರ ಹೆಣ್ಣಿನದು ಅಂತ 2023ರಲ್ಲಿ ಡಿಎನ್ಎ ಪರೀಕ್ಷೆಯಿಂದ ಗೊತ್ತಾಯಿತು.

ಹಡಗಿನ ಒಳಗೆ ಹತ್ತಲು ಬಿಡುವುದಿಲ್ಲ, ಸುತ್ತಲಿನ ಮಹಡಿಗಳಿಂದಲೇ ನೋಡಬೇಕು. ಜಾಕೆಟ್ ತೆಗೆಯಬೇಡಿ, ಮರಕ್ಕೋಸ್ಕರ ಒಳಗೆ ತಂಪಾಗಿಯೇ ಇಟ್ಟಿರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಜನ ಜಾಸ್ತಿ. ನೋಟು ತೆಗೆದುಕೊಂಡು ಹೋಗಿ ಪ್ರಯೋಜನವಿಲ್ಲ, ಈ ಊರಲ್ಲಿ ಎಲ್ಲ ಕಾರ್ಡೇ.

ವಾಸಾ ಇರುವ ಯೂರ್ಗೋರ್ಡನ್ ದ್ವೀಪದಲ್ಲೇ ಸ್ಕಾನ್ಸೆನ್ ಇದೆ. ಸ್ವೀಡನ್ನಿನ ಬೇರೆ ಬೇರೆ ಕಡೆಯ ಹಳೇ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದ ಬಯಲು ಮ್ಯೂಸಿಯಂ, 1891ರಲ್ಲಿ ಶುರುವಾದದ್ದು. ಕರಡಿ, ಮೂಸ್ (ದೊಡ್ಡ ಜಾತಿಯ ಜಿಂಕೆ) ಕೂಡ ಇವೆ. ಮಕ್ಕಳಿದ್ದರೆ ಖಂಡಿತ ಹೋಗಿ. ಮೊಣಕಾಲು ನೋವಿನ ಹಿರಿಯರಿದ್ದರೆ ಯೋಚನೆ ಮಾಡಿ, ಏರು ಜಾಸ್ತಿ. ಸ್ವೀಡನ್ನಿನ ಪಾಪ್ ತಂಡ ಆಬ್ಬಾದ ಮ್ಯೂಸಿಯಂ ಅವರ ಹಾಡುಗಳ ಹುಚ್ಚಿದ್ದವರಿಗೆ ಮಾತ್ರ.

ಹಳೇ ಪಟ್ಟಣ ಗಮ್ಲಾ ಸ್ತಾನ್‌ಗೆ ಟಿಕೆಟ್ ಬೇಡ, ಓಣಿ ಓಣಿ ಸುತ್ತಿ. ಮೋರ್ಟೆನ್ ಟ್ರೋಟ್ಸಿಗ್ ಓಣಿ ಒಂದು ಕಡೆ 90 ಸೆಂಟಿಮೀಟರ್ ಅಗಲ ಅಷ್ಟೇ, ಎದುರಿಗೆ ಯಾರಾದರೂ ಬಂದರೆ ಒಬ್ಬರು ಹಿಂದೆ ಸರಿಯಬೇಕು. ಅಲ್ಲೇ ಇರುವ ನೊಬೆಲ್ ಮ್ಯೂಸಿಯಂ ಚಿಕ್ಕದು, ಓದುವುದೇ ಜಾಸ್ತಿ. ಆದರೆ ಬಹುಮಾನ ಪಡೆದವರ ಚಿತ್ರಗಳು ತಲೆ ಮೇಲೆ ತಂತಿಯಲ್ಲಿ ಸಾಲಾಗಿ ಸಾಗುತ್ತಿರುತ್ತವೆ, ನಾನು ಕತ್ತೆತ್ತಿಕೊಂಡು 1930ರ ನಮ್ಮ ಸಿ.ವಿ. ರಾಮನ್ ಬರುತ್ತಾರಾ ಅಂತ ಕಾದೆ. ಕೆಫೆಯ ಕುರ್ಚಿಗಳ ಅಡಿಯಲ್ಲಿ ನೊಬೆಲ್ ಪಡೆದವರು ಸಹಿ ಹಾಕಿರುತ್ತಾರೆ, ಕೂರುವ ಮೊದಲು ತಿರುಗಿಸಿ ನೋಡಿ, ಯಾರೂ ಬೈಯುವುದಿಲ್ಲ. ಊರಲ್ಲೆಲ್ಲ ಸಿಗುವ ದಾಲ್ಚಿನ್ನಿ ಬನ್ ಚೆನ್ನಾಗಿರುತ್ತೆ, ಆದರೆ ಮೇಲೆ ಮೊಟ್ಟೆ ಸವರಿರುವುದು ಸಾಮಾನ್ಯ. ಮೊಟ್ಟೆ ತಿನ್ನದವರು ಕೇಳಿಕೊಂಡೇ ತೆಗೆದುಕೊಳ್ಳಿ.

ಗಮ್ಲಾ ಸ್ತಾನ್ ಪಕ್ಕದ ಸ್ಲುಸ್ಸೆನ್‌ನಿಂದ ಯೂರ್ಗೋರ್ಡನ್‌ಗೆ ಹೋಗುವ ದೋಣಿಗೆ ಬಸ್, ಮೆಟ್ರೋ ಟಿಕೆಟ್ಟೇ ಸಾಕು. ನೂರಾರು ಕ್ರೋನರ್ ಕೇಳುವ ಟೂರಿಸ್ಟ್ ಬೋಟಿನ ಕ್ಯೂನಲ್ಲಿ ನಿಲ್ಲುವ ಮೊದಲು ಇದನ್ನು ಹತ್ತಿ.