ಬಾಹಾ ಬಗ್ ಕಿಟ್: ಫೈಬರ್‌ಗೆ ಪಾಸ್ ಮಾರ್ಕು, ಬಾಡಿ ಲಿಫ್ಟ್ ಬೇಡ, ಟಾರ್ಷನ್ ಬಾರ್‌ಗೆ ಮೊದಲ ಮಣೆ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್‌ನ ಮೂತಿ ಬಾಲ ಎರಡೂ ಕತ್ತರಿಸಿ, ಗಿಡ್ಡ ಮಡ್‌ಗಾರ್ಡ್ ಕೂರಿಸಿ, ನೆಲದಿಂದ ಮೇಲೆತ್ತಿ ಮರಳಿಗೆ ಇಳಿಸುವ ಚಟ ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. 1967ರಲ್ಲಿ ಮೆಕ್ಸಿಕೋದ ಬಾಹಾ ಪರ್ಯಾಯ ದ್ವೀಪದಲ್ಲಿ ಶುರುವಾದ ರೇಸಿನಿಂದ ಹೆಸರೂ ಬಂತು: ಬಾಹಾ ಬಗ್. ಕೊನೆಯ ಬೀಟಲ್ ಮೆಕ್ಸಿಕೋದ ಪ್ವೆಬ್ಲಾ ಕಾರ್ಖಾನೆಯಿಂದ ಹೊರಬಿದ್ದದ್ದು 2003ರ ಜುಲೈ 30ರಂದು. ಬಿಡಿಭಾಗಗಳಿಗೆ ಮಾತ್ರ ಇಂದಿಗೂ ಬರವಿಲ್ಲ. ಹಾಗೆ ಸಿಗುವುದರಲ್ಲಿ ಎಲ್ಲರೂ ಮೊದಲು ಕೊಳ್ಳುವ ಮೂರು ಸಾಮಾನುಗಳ ವಿಮರ್ಶೆ ಇದು: ಫೈಬರ್‌ಗ್ಲಾಸ್ ಬಾಡಿ ಕಿಟ್, 3 ಇಂಚಿನ ಬಾಡಿ ಲಿಫ್ಟ್, ಮುಂದಿನ ಬೀಮಿನ (ಮುಂದಿನ ಚಕ್ರಗಳನ್ನು ಹೊರುವ ಜೋಡಿ ಕೊಳವೆಯ) ಎತ್ತರ ಬದಲಿಸುವ ಅಡ್ಜಸ್ಟರ್. ಯಾರೂ ಕೊಳ್ಳದ, ಕೊಳ್ಳಬೇಕಾಗಿಯೂ ಇಲ್ಲದ ನಾಲ್ಕನೆಯದೊಂದಿದೆ. ಅದು ಹಿಂದಿನ ಟಾರ್ಷನ್ ಬಾರ್, ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಕಾರಿನಲ್ಲೇ ಇದೆ. ನಿಜವಾದ ಎತ್ತರ ಸಿಗುವುದು ಅದರಿಂದ ಮತ್ತು ಟೈರಿನಿಂದ.

ಕಿಟ್‌ಗಿಂತ ಮೊದಲು ಕಾರಿನ ಆಯ್ಕೆ. ಅಮೆರಿಕದ ಮಾರುಕಟ್ಟೆಯ ಮ್ಯಾನುವಲ್ ಗೇರಿನ ಬೀಟಲ್‌ಗಳಲ್ಲಿ 1968ರ ಮಾಡೆಲ್‌ವರೆಗೆ ಹಿಂದೆ ಸ್ವಿಂಗ್ ಆಕ್ಸಲ್ (ಗೇರ್‌ಬಾಕ್ಸಿನ ಬಳಿ ಮಾತ್ರ ಮಡಚುವ ಆಕ್ಸಲ್), 1969ರಿಂದ ಐಆರ್‌ಎಸ್ (ಆಕ್ಸಲ್‌ನ ಎರಡೂ ತುದಿಗೆ ಕೀಲಿರುವ ಸಸ್ಪೆನ್ಷನ್). ಸ್ವಿಂಗ್ ಆಕ್ಸಲ್ ಕಾರನ್ನು ಎತ್ತಿದಷ್ಟೂ ಹಿಂದಿನ ಚಕ್ರಗಳ ಕೆಳತುದಿ ಒಳಕ್ಕೆ ಎಳೆದುಕೊಳ್ಳುತ್ತದೆ. ವೇಗದ ತಿರುವಿನಲ್ಲಿ ಚಕ್ರ ಪೂರ್ತಿ ಮಡಚಿಕೊಂಡು ಕಾರಿನ ಹಿಂಭಾಗ ಎದ್ದುಬಿಡುವ ಅಪಾಯ ನಿಜಕ್ಕೂ ಇದೆ. ಐಆರ್‌ಎಸ್‌ನಲ್ಲಿ ಆ ಗೋಳಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾಡೆಲ್‌ಗಳಿಗೆ ಸ್ಮಾಗ್ (ಹೊಗೆ) ತಪಾಸಣೆಯಿಂದ ವಿನಾಯಿತಿ ಇರುವುದರಿಂದ, ಅಲ್ಲಿನ ಕನ್ನಡಿಗರು ಹುಡುಕಬೇಕಾದ್ದು 1969ರಿಂದ 1975ರ ಕಾರು. ಅದರೊಳಗೂ ಒಂದು ಬಲೆಯಿದೆ. 1971ರಿಂದ ಬಂದ ಸೂಪರ್ ಬೀಟಲ್‌ಗೆ ಮುಂದೆ ಟಾರ್ಷನ್ ಬೀಮ್ ಇಲ್ಲ, ಸ್ಟ್ರಟ್ ಇದೆ. ಈ ಸಾಮಾನುಗಳಲ್ಲಿ ಅರ್ಧ ಅದಕ್ಕೆ ಹೊಂದುವುದಿಲ್ಲ. ಬಾನೆಟ್ ಎತ್ತಿ ನೋಡಿ: ಸ್ಟೆಪ್ನಿ ನಿಂತಿದ್ದರೆ ಸಾಮಾನ್ಯ ಬೀಟಲ್, ಮಲಗಿದ್ದರೆ ಸೂಪರ್. ಮಲಗಿದ್ದನ್ನು ಬಿಟ್ಟು ಮುಂದೆ ಹೋಗಿ.

ಈಗ ಫೈಬರ್ ಕಿಟ್. ನಾಲ್ಕು ಮಡ್‌ಗಾರ್ಡ್, ಗಿಡ್ಡ ಮೂತಿ, ಕೆಲವರಲ್ಲಿ ಹಿಂದಿನ ಎಂಜಿನ್ ಚೌಕಟ್ಟು. ಹೆಡ್‌ಲೈಟ್ ಮಡ್‌ಗಾರ್ಡ್‌ನಲ್ಲೇ ಉಳಿಯುವುದು ಒಂದು ಬಗೆ, ಎರಡೂ ಮೂತಿಯ ಮೇಲೆ ಹತ್ತಿರ ಹತ್ತಿರ ಕೂರುವುದು ಇನ್ನೊಂದು. ಎರಡನೆಯದು ನೋಡಲು ತಮಾಷೆ, ರಾತ್ರಿ ಬೆಳಕು ಕಿರಿದು. ಅಗ್ಗದ ಕಿಟ್‌ಗಳಲ್ಲಿ ಎಡ ಬಲ ಒಂದೇ ಅಳತೆಗೆ ಬರುವುದು ಅಪರೂಪ, ಅಂಚಿನಲ್ಲಿ ದಪ್ಪ ಒಂದೊಂದು ಕಡೆ ಒಂದೊಂದು ಥರ. ಒಳಮೈಗೆ ಬೆರಳಾಡಿಸಿ ನೋಡಿ: ನಾರು ಚುಚ್ಚಿದರೆ ರೆಸಿನ್ ಸಾಲದೆ ಹೋಗಿದೆ, ಬೋಲ್ಟು ಕೂರುವ ಅಂಚಿಗೆ ಇನ್ನೊಂದು ಪದರ ಮ್ಯಾಟ್ ಹಾಕಿಸಿಕೊಳ್ಳಿ. ಎರಡು ಭಾಗಗಳ ನಡುವೆ ಬೆರಳು ತೂರುವ ಸಂದು ಉಳಿಯುವುದೂ ಉಂಟು. ಅದು ಈ ದಂಧೆಯಲ್ಲಿ ದೋಷ ಅಂತ ಯಾರೂ ಲೆಕ್ಕಕ್ಕಿಡುವುದಿಲ್ಲ.

ಕೂರಿಸುವಾಗ ಕಡುಕಷ್ಟ ಹಳೆಯ ಮಡ್‌ಗಾರ್ಡ್ ಬಿಚ್ಚುವುದೇ. ಬಾಡಿಯೊಳಗಿನ ನಟ್ಟುಗಳು ತುಕ್ಕು ಹಿಡಿದು ಬೋಲ್ಟಿನ ಜೊತೆ ತಿರುಗತೊಡಗುತ್ತವೆ. ಹಿಂದಿನ ದಿನವೇ ತುಕ್ಕೆಣ್ಣೆ ಬಿಟ್ಟು, ಮಾರನೇ ದಿನ ಬಿಸಿಮಾಡಿ ಬಿಚ್ಚಿ. ತುಂಡಾದರೆ ಡ್ರಿಲ್ ಮಾಡಿ 8 ಮಿ.ಮೀ. ಟ್ಯಾಪ್ ಹೊಡೆಯಬೇಕು. ಆಮೇಲೆ ಎಲ್ಲ ಫೈಬರ್ ಭಾಗಗಳನ್ನೂ ಒಟ್ಟಿಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿ, ಚಕ್ರ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಆನಂತರವೇ ಬಾಡಿಗೆ ಕಟರ್ ಹಚ್ಚಿ. ಮುಂದಿನ ಏಪ್ರನ್ (ಬಂಪರ್ ಹಿಂದಿನ ತಗಡು) ಮೊದಲೇ ಕತ್ತರಿಸಿಬಿಟ್ಟರೆ ಮೂತಿಯನ್ನು ಯಾವುದಕ್ಕೆ ಅಳತೆ ಹಿಡಿಯುವುದು? ರಂಧ್ರ ಕೊರೆಯುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಜೆಲ್‌ಕೋಟ್ (ಫೈಬರಿನ ಹೊಳಪಿನ ಹೊರಪದರ) ದಾಟುವವರೆಗೆ ಡ್ರಿಲ್ಲನ್ನು ಹಿಮ್ಮುಖ ತಿರುಗಿಸಿದರೆ ಚಕ್ಕೆ ಏಳುವುದಿಲ್ಲ. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ರಂಧ್ರ ಬೋಲ್ಟಿಗಿಂತ ತುಸು ದೊಡ್ಡದಿರಲಿ, ಅಗಲ ವಾಷರ್ ಹಾಕಿ, ಬಾಡಿಗೂ ಫೈಬರ್‌ಗೂ ನಡುವೆ ರಬ್ಬರ್ ಬೀಡಿಂಗ್ ಹಾಕುವುದನ್ನು ಮರೆಯಬೇಡಿ. ಬಿಗಿದು ಕಟ್ಟಿದ ಫೈಬರ್ ಕಲ್ಲುದಾರಿಯ ಕುಲುಕಾಟಕ್ಕೆ ಬೋಲ್ಟಿನ ಸುತ್ತಲೇ ಸೀಳುತ್ತದೆ.

ಬಾನೆಟ್ ಗಿಡ್ಡವಾದ ಮೇಲೆ ಹಳೆಯ ಬೀಗ ಹೋಗುತ್ತದೆ, ಪಿನ್ ಹಾಕಬೇಕು. ಸ್ಟೆಪ್ನಿಯ ಗುಂಡಿ ಹೋದರೆ ವಿಂಡ್‌ಸ್ಕ್ರೀನ್‌ಗೆ ನೀರು ಚಿಮ್ಮುವುದೂ ನಿಲ್ಲುತ್ತದೆ. ಬೀಟಲ್‌ನಲ್ಲಿ ಆ ನೀರನ್ನು ತಳ್ಳುತ್ತಿದ್ದದ್ದು ಸ್ಟೆಪ್ನಿಯ ಗಾಳಿ! ಚಿಕ್ಕ ಎಲೆಕ್ಟ್ರಿಕ್ ಪಂಪ್ ಹಾಕಿಕೊಳ್ಳಿ, ಮರುಭೂಮಿಯ ಧೂಳಿನಲ್ಲಿ ಅದಿಲ್ಲದೆ ಆಗದು. ಹಾಗೇ ಬಂಪರ್ ಹೋದ ಮೇಲೆ ಹಿಂದಿರುವ ಎಂಜಿನ್‌ಗೆ ಯಾವ ರಕ್ಷಣೆಯೂ ಉಳಿಯುವುದಿಲ್ಲ. ಹಿಂದಿನ ಪೈಪ್ ಪಂಜರ ಕಿಟ್‌ನಲ್ಲಿ ಬರದಿದ್ದರೂ ಅದನ್ನು ಕಿಟ್‌ನ ಲೆಕ್ಕಕ್ಕೇ ಸೇರಿಸಿ.

ಒಟ್ಟಿನಲ್ಲಿ ಫೈಬರ್ ಕೆಲಸಕ್ಕೆ ಬರುವ ಸಾಮಾನೇ. ದೊಡ್ಡ ಟೈರಿಗೆ ಜಾಗ ಕೊಡುತ್ತದೆ, ಮೂತಿ ನೆಲಕ್ಕೆ ತಾಗದಂತೆ ಏರು ಹತ್ತಿಸುತ್ತದೆ. ಆದರೆ ಸಸ್ಪೆನ್ಷನ್ ಮುಟ್ಟದೆ ಬರೀ ಇದನ್ನು ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಲೆಕ್ಕ.

ಬಾಡಿ ಲಿಫ್ಟ್ ಬಗ್ಗೆ ಇಷ್ಟೂ ಒಳ್ಳೆಯ ಮಾತಿಲ್ಲ. ಬಾಡಿಗೂ ನೆಲದ ಪ್ಯಾನ್‌ಗೂ ನಡುವೆ 3 ಇಂಚಿನ ತುಂಡುಗಳನ್ನಿಟ್ಟು ಉದ್ದ ಬೋಲ್ಟ್ ಬಿಗಿಯುತ್ತಾರೆ. ಕಾರು ಎತ್ತರ ಕಾಣುತ್ತದೆ, ಗ್ರೌಂಡ್ ಕ್ಲಿಯರೆನ್ಸ್ ಒಂದು ಮಿ.ಮೀ. ಕೂಡ ಹೆಚ್ಚುವುದಿಲ್ಲ, ಏಕೆಂದರೆ ಪ್ಯಾನ್, ಗೇರ್‌ಬಾಕ್ಸ್, ಎಂಜಿನ್ ಇದ್ದಲ್ಲೇ ಇವೆ. ಸೀಟು, ಪೆಡಲ್, ಗೇರ್ ಕಡ್ಡಿ ಪ್ಯಾನ್‌ನಲ್ಲಿ ಕೆಳಗೇ ಉಳಿಯುತ್ತವೆ. ಸ್ಟೀರಿಂಗ್, ಡ್ಯಾಶ್‌ಬೋರ್ಡ್, ಪೆಟ್ರೋಲ್ ಟ್ಯಾಂಕ್ ಬಾಡಿಯ ಜೊತೆ ಮೇಲೇರುತ್ತವೆ. ಪರಿಣಾಮ, ಸ್ಟೀರಿಂಗ್ ಎದೆಯ ಮುಂದೆ ಬಂದು ಕೂರುತ್ತದೆ. ಸ್ಟೀರಿಂಗ್ ಶಾಫ್ಟು, ಬ್ರೇಕ್ ಎಣ್ಣೆ ಡಬ್ಬಿಯ ಪೈಪು, ಪೆಟ್ರೋಲ್ ಪೈಪು, ವೈರು ಎಲ್ಲಕ್ಕೂ ಉದ್ದ ಸೇರಿಸಬೇಕು. ಇನ್ನೂ ಮುಖ್ಯವಾದದ್ದು, ಬೀಟಲ್‌ನ ಬಿಗಿತ ಬರುವುದು ಬಾಡಿಯ ಹೀಟರ್ ಚಾನೆಲ್ (ಬಾಗಿಲ ಕೆಳಗಿನ ಟೊಳ್ಳು ತೊಲೆ) ಪ್ಯಾನ್‌ನ ಅಂಚಿಗೆ ಉದ್ದಕ್ಕೂ ಅಂಟಿ ನಿಂತಾಗ. ಬಿಡಿ ತುಂಡುಗಳ ಮೇಲೆ ನಿಲ್ಲಿಸಿದರೆ ಕಾರು ತಿರುಚಿಕೊಳ್ಳುತ್ತದೆ, ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಬೋಲ್ಟಿನ ಬುಡದಲ್ಲಿ ತಗಡು ಹರಿಯುತ್ತದೆ. ದೈತ್ಯ ಟೈರಿಗಾಗಿ ಹಾಕಲೇಬೇಕೆಂದರೆ ಉದ್ದಕ್ಕೂ ಒಂದೇ ಚೌಕ ಪೈಪಿನ ಚೌಕಟ್ಟಾಗಿ ಬರುವ ಕಿಟ್ ಮಾತ್ರ ತೆಗೆದುಕೊಳ್ಳಿ.

ದುಡ್ಡು ಬೇಡದ ಲಿಫ್ಟ್ ಹಿಂದಿನ ಟಾರ್ಷನ್ ಬಾರ್‌ನಲ್ಲಿದೆ. ಬಾರಿನ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44. ಒಳಗೆ ಒಂದು ಹಲ್ಲು ಸರಿಸಿದರೆ 9 ಡಿಗ್ರಿ, ಹೊರಗೆ ಒಂದು ಹಲ್ಲು ಸರಿಸಿದರೆ 8 ಡಿಗ್ರಿ 10 ಮಿನಿಟ್ (60 ಮಿನಿಟ್‌ಗೆ ಒಂದು ಡಿಗ್ರಿ). ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ಸರಿಸಿದರೆ ಉಳಿಯುವ ವ್ಯತ್ಯಾಸ ಬರೀ 50 ಮಿನಿಟ್, ಅಂದರೆ ಚಕ್ರದ ಹತ್ತಿರ ಸುಮಾರು 6 ಮಿ.ಮೀ. ಇಷ್ಟು ಸೂಕ್ಷ್ಮ ಹೊಂದಾಣಿಕೆ ಯಾವ ಲಿಫ್ಟ್ ಕಿಟ್ ಕೊಡುತ್ತದೆ ಹೇಳಿ! ಹೊರಗಿನ ಒಂದು ಹಲ್ಲೇ ಸುಮಾರು 2 ಇಂಚಿಗೂ ಮಿಕ್ಕಿ ಎತ್ತುತ್ತದೆ. ಐಆರ್‌ಎಸ್ ಕಾರಿಗೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚೆತ್ತಿದರೆ ಆಕ್ಸಲ್‌ನ ಸಿವಿ ಜಾಯಿಂಟ್‌ಗಳ (ಬಾಗಿದ್ದರೂ ತಿರುಗುವ ಕೀಲುಗಳ) ಕೋನ ಹೆಚ್ಚಿ ಅವುಗಳ ರಬ್ಬರ್ ಬೂಟು ಹರಿಯುತ್ತದೆ, ಚಕ್ರಕ್ಕೆ ಕೆಳಗಿಳಿಯುವ ಜಾಗವೂ ಉಳಿಯುವುದಿಲ್ಲ. ಗುಂಡಿ ದಾಟುವಾಗ ಸ್ಪ್ರಿಂಗ್ ಪ್ಲೇಟು (ಬಾರಿನ ಹೊರತುದಿಯಿಂದ ಚಕ್ರದ ಕಡೆ ಹೋಗುವ ಉಕ್ಕಿನ ಪಟ್ಟಿ) ತಡೆಗೆ ಬಡಿಯುವ ಸದ್ದು ಕೇಳಿಸುತ್ತದೆ. ಹಲ್ಲು ಸರಿಸಿದರೆ ಎತ್ತರ ಬದಲಾಗುತ್ತದೆ, ಬಾರಿನ ಗಡಸು ಬದಲಾಗುವುದಿಲ್ಲ ಅನ್ನುವುದೂ ನೆನಪಿರಲಿ.

ಬಿಚ್ಚುವ ಮೊದಲು ಸ್ಪ್ರಿಂಗ್ ಪ್ಲೇಟಿಗೂ ಬೇರಿಂಗ್ ಹೌಸಿಂಗ್‌ಗೂ ಸೇರಿದಂತೆ ಉಳಿಯಿಂದ ಒಂದು ಗೆರೆ ಹೊಡೆಯಿರಿ, ಇಲ್ಲವಾದರೆ ಹಿಂದಿನ ಅಲೈನ್‌ಮೆಂಟ್ ಕೈಬಿಟ್ಟಂತೆ. ಪ್ಲೇಟಿನ ಈಗಿನ ಕೋನವನ್ನೂ ಅಳೆದು ಬರೆದಿಟ್ಟುಕೊಳ್ಳಿ. ಪ್ಲೇಟು ತಡೆಯ ಮೇಲೆ ಒತ್ತಡದಲ್ಲಿ ಕೂತಿರುತ್ತದೆ, ತಡೆಯಿಂದ ಜಾರಿದ ಗಳಿಗೆ ಕಾಲಿನ ಮೂಳೆ ಮುರಿಯುವಷ್ಟು ಜೋರಾಗಿ ಕೆಳಗೆ ಬಡಿಯುತ್ತದೆ. ಕೆಳಗೆ ಜ್ಯಾಕ್ ಇಟ್ಟು, ಸರಪಳಿ ಸುತ್ತಿ, ನಿಧಾನ ಇಳಿಸಿ. ಎಡ ಬಲ ಬಾರ್‌ಗಳನ್ನು ಅದಲುಬದಲು ಮಾಡಬಾರದು, ತುದಿಯಲ್ಲಿ ಗುರುತಿರುತ್ತದೆ. ಮೇಲ್ಮೈಗೆ ಗೀರು ಬಿದ್ದರೆ ಅಲ್ಲಿಂದಲೇ ತುಂಡಾಗುತ್ತದೆ, ಬಣ್ಣ ಹೋಗದಂತೆ ನೋಡಿಕೊಳ್ಳಿ. ರಬ್ಬರ್ ಬುಶ್‌ಗೆ ಗ್ರೀಸ್ ಬೇಡ, ಟಾಲ್ಕಂ ಪೌಡರ್ ಸಾಕು.

ಮುಂದಿನ ಅಡ್ಜಸ್ಟರ್ ಒಳ್ಳೆಯ ಸಾಮಾನು, ವೆಲ್ಡರ್ ಒಳ್ಳೆಯವನಾಗಿದ್ದರೆ. ಬೀಮಿನ ಎರಡೂ ಕೊಳವೆಗಳ ನಡುಭಾಗ ಕತ್ತರಿಸಿ ಹಲ್ಲಿನ ಉಂಗುರ ಬೆಸೆಯಬೇಕು. ಒಳಗಿನ ಟಾರ್ಷನ್ ಪಟ್ಟಿಗಳನ್ನು ಹೊರಗೆಳೆದಿಟ್ಟೇ ಬೆಂಕಿ ಹಚ್ಚಬೇಕು, ಎದುರುಬದುರು ಟ್ಯಾಕ್ ಹಾಕಿ ಆರಲು ಬಿಡಬೇಕು. ಒಂದೇ ಉಸಿರಿಗೆ ಸುತ್ತ ಬೆಸೆದರೆ ಕೊಳವೆ ಬಾಗಿ, ಟ್ರೇಲಿಂಗ್ ಆರ್ಮ್ (ಚಕ್ರ ಹೊರುವ ತೋಳು) ಬಿಗಿಯಾಗಿ, ಸ್ಟೀರಿಂಗ್ ಎಂದಿಗೂ ಹಗುರಾಗುವುದಿಲ್ಲ. ನಂಬಿಕೆಯ ವೆಲ್ಡರ್ ಇಲ್ಲದಿದ್ದರೆ ಅಡ್ಜಸ್ಟರ್ ಸಮೇತ ಸಿದ್ಧವಾಗಿ ಬರುವ ಬೀಮ್ ಕೊಳ್ಳುವುದೇ ಜಾಣತನ. 1966ರಿಂದ ಬಂದ ಬಾಲ್ ಜಾಯಿಂಟ್ ಬೀಮನ್ನು ಸುಮಾರು 2 ಇಂಚಿಗಿಂತ ಮೇಲೆತ್ತಿದರೆ ಬಾಲ್ ಜಾಯಿಂಟ್ ತನ್ನ ಕೋನದ ಕೊನೆಗೆ ಬಂದು ಸಿಕ್ಕಿಕೊಳ್ಳುತ್ತದೆ, ಕೊನೆಗೆ ಕತ್ತು ಮುರಿಯುತ್ತದೆ. 1965ರವರೆಗಿನ ಲಿಂಕ್ ಪಿನ್ ಬೀಮ್‌ಗೆ ಹೆಚ್ಚು ಓಟವಿದೆ, ರೇಸಿನವರಿಗೆ ಅದೇ ಇಷ್ಟ. ಆದರೆ ಕೊಳವೆಗಳ ಅಂತರ ಬೇರೆ, ಹೊಸ ಪ್ಯಾನ್‌ನ ಫ್ರೇಮ್ ಹೆಡ್ (ಬೀಮ್ ಕೂರುವ ಮುಂತುದಿ) ಬದಲಿಸದೆ ಅಥವಾ ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ. ಹಿಂಭಾಗವನ್ನು ಮುಂಭಾಗಕ್ಕಿಂತ ಹೆಚ್ಚೆತ್ತಿದವರಿಗೆ ಹೆದ್ದಾರಿಯಲ್ಲಿ ಕಾರು ಅತ್ತಿತ್ತ ಅಲೆಯುತ್ತದೆ. ಅದು ಕ್ಯಾಸ್ಟರ್ (ಮುಂದಿನ ಚಕ್ರದ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲುವ ಕೋನ) ಕಡಿಮೆಯಾದ ಲಕ್ಷಣ. ಕೆಳಗಿನ ಕೊಳವೆಯ ಹಿಂದೆ ಶಿಮ್ (ತೆಳು ತಗಡು) ಕೊಟ್ಟರೆ ವಾಸಿಯಾಗುತ್ತದೆ, ಖರ್ಚು ಜುಜುಬಿ.

ಟೈರ್: ಹಿಂದೆ 235/75 ಆರ್ 15, ಮುಂದೆ 205/75 ಆರ್ 15 ಒಳ್ಳೆಯ ಜೋಡಿ. ಹಳೆಯ 165 ಆರ್ 15ಕ್ಕೆ ಹೋಲಿಸಿದರೆ ಹಿಂದೆ ಸುಮಾರು 40 ಮಿ.ಮೀ. ನಿಜವಾದ ಎತ್ತರ ಸಿಗುತ್ತದೆ, ಗೇರ್ ಮಾತ್ರ ಶೇ. 12ರಷ್ಟು ಉದ್ದವಾಗುತ್ತದೆ, ಅಂದರೆ ಎಳೆತ ಕುಗ್ಗುತ್ತದೆ. 3.875 ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಕೊನೆಯ ಗೇರ್) ಅನುಪಾತದ ಗೇರ್‌ಬಾಕ್ಸ್ ಇದ್ದರೆ ಮರಳಿನ ಏರಿನಲ್ಲಿ ಕ್ಲಚ್ ಸುಡುತ್ತದೆ, 4.125 ಅಥವಾ 4.375 ಹುಡುಕಿ. ಸ್ಪೀಡೋಮೀಟರ್ ಕೇಬಲ್ ಹೊರಡುವುದು ಮುಂದಿನ ಎಡ ಚಕ್ರದಿಂದ, ಹಾಗಾಗಿ ಅದು ತಪ್ಪುವುದು ಮುಂದಿನ ಟೈರಿನ ಲೆಕ್ಕದಲ್ಲಿ, ಸುಮಾರು ಶೇ. 5 ಕಡಿಮೆ ತೋರಿಸುತ್ತದೆ.

ಎಂಜಿನ್ ಬಯಲಿಗೆ ಬಂತು, ಇನ್ನು ಚೆನ್ನಾಗಿ ತಣ್ಣಗಾಗುತ್ತದೆ ಅನ್ನುವುದು ಬಾಹಾ ಜನರ ಅತಿ ದುಬಾರಿ ಭ್ರಮೆ. ಈ ಎಂಜಿನ್ ತಣ್ಣಗಾಗುವುದು ಫ್ಯಾನ್ ದೂಡಿದ ಗಾಳಿ ತಗಡುಗಳ ನಡುವೆಯೇ ಹಾದುಹೋದಾಗ. ಸುತ್ತಲಿನ ತಗಡು ಬಿಸಾಡಿದರೆ ಎಕ್ಸಾಸ್ಟ್‌ನ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ನುಂಗುತ್ತದೆ. ಸಿಲಿಂಡರ್‌ಗಳ ಅಡಿಯ ಚಿಕ್ಕ ಡಿಫ್ಲೆಕ್ಟರ್ ತಗಡು ಮರುಜೋಡಣೆಯಲ್ಲಿ ಕಳೆದುಹೋಗುವುದು ಬಹಳ. ಅದಿಲ್ಲದೆ ಗಾಳಿ ಅಡ್ಡದಾರಿ ಹಿಡಿಯುತ್ತದೆ. 3ನೇ ಸಿಲಿಂಡರ್ ಮೊದಲಿನಿಂದಲೂ ಬಿಸಿಯದು, 1971ಕ್ಕಿಂತ ಹಿಂದಿನ ಫ್ಯಾನ್ ಹೌಸಿಂಗ್‌ನಲ್ಲಿ ಆಯಿಲ್ ಕೂಲರ್ ಅದರ ಗಾಳಿಗೆ ಅಡ್ಡ ನಿಂತಿರುತ್ತದೆ. ಡಾಗ್‌ಹೌಸ್ ಕೂಲರ್ (ಬೇರೆ ಗೂಡಿನಲ್ಲಿ ಕೂರುವ ಆಯಿಲ್ ಕೂಲರ್) ಇರುವ ಹೌಸಿಂಗ್‌ಗೆ ಬದಲಿಸುವುದು ಕ್ರೋಮ್ ಸಾಮಾನಿಗಿಂತ ಸಾವಿರ ಪಾಲು ಮೇಲು. ವಾಲ್ವ್ ಸಂದು ತಣ್ಣಗಿದ್ದಾಗ 0.006 ಇಂಚು. 3ರ ಎಕ್ಸಾಸ್ಟ್ ವಾಲ್ವ್‌ನ ಸಂದು ಪ್ರತಿಸಲ ಕಿರಿದಾಗುತ್ತಿದ್ದರೆ ವಾಲ್ವ್ ಹಿಗ್ಗುತ್ತಿರಬಹುದು, ತಲೆ ಕಳಚಿ ಪಿಸ್ಟನ್ ಒಡೆಯುವ ಮುನ್ನ ಹೆಡ್ ಬಿಚ್ಚಿಸಿ.

85.5 ಮಿ.ಮೀ. ಬೋರ್, 69 ಮಿ.ಮೀ. ಸ್ಟ್ರೋಕಿನ 1585 ಸಿಸಿ ಎಂಜಿನ್ ಧಾರಾಳ ಸಾಕು. ಹೆಚ್ಚು ಬೇಕೆಂದರೆ ಕೇಸ್ ಮತ್ತು ಹೆಡ್ ಮಷಿನ್ ಮಾಡಿಸಿ 90.5ರ ಪಿಸ್ಟನ್, ಅಂದರೆ 1776 ಸಿಸಿ. 92ರದ್ದು ತೆಳು ಗೋಡೆಯದು, ಬಿಸಿಯಲ್ಲಿ ಆಕಾರ ಕೆಡುತ್ತದೆ. ಎಣ್ಣೆ ಹಿಡಿಯುವುದು 2.5 ಲೀಟರ್ ಮಾತ್ರ ಅಂತ ಎಂಜಿನ್ ಅಡಿಗೆ ಹೆಚ್ಚುವರಿ ಸಂಪ್ (ಎಣ್ಣೆ ತೊಟ್ಟಿ) ತೂಗುಹಾಕಿಸುವವರಿದ್ದಾರೆ. ಅಷ್ಟು ಕಷ್ಟಪಟ್ಟು ಎತ್ತಿದ ಕಾರಿನ ಅತಿ ತಗ್ಗಿನ ಜಾಗವನ್ನು ದುಡ್ಡು ಕೊಟ್ಟು ಇನ್ನೂ ತಗ್ಗಿಸಿದಂತೆ. ಆ ದುಡ್ಡಿಗೆ ಸ್ಕಿಡ್ ಪ್ಲೇಟ್ ಮತ್ತು ಪೂರ್ಣ ಹರಿವಿನ ಫಿಲ್ಟರ್ ಬರುತ್ತದೆ. ಏರ್ ಕ್ಲೀನರ್‌ಗೆ ಹಳೆಯ ಆಯಿಲ್ ಬಾತ್ ಡಬ್ಬಿಯೇ ಧೂಳಿನಲ್ಲಿ ಗಟ್ಟಿಗ. ಸ್ಟಿಂಗರ್ ಅನ್ನುವ ನೇರ ಎಕ್ಸಾಸ್ಟ್ ಪೈಪು ಕಿವಿಗೆ ಹಬ್ಬ, ಆದರೆ ಕ್ಯಾಲಿಫೋರ್ನಿಯಾದ ಸಾರ್ವಜನಿಕ ಆಫ್‌ರೋಡ್ ಜಾಗಗಳಲ್ಲಿ ಸ್ಪಾರ್ಕ್ ಅರೆಸ್ಟರ್ (ಕಿಡಿ ಹೊರಬೀಳದಂತೆ ತಡೆಯುವ ಸಾಧನ) ಕಡ್ಡಾಯ. ಹೆಡರ್‌ನಲ್ಲಿ ಇನ್‌ಟೇಕ್ ಬಿಸಿಮಾಡುವ ಕೊಳವೆಗೆ ಜಾಗ ಬಿಟ್ಟಿರುವುದನ್ನೇ ಆರಿಸಿ. ಇಲ್ಲದಿದ್ದರೆ ಚಳಿಯ ಬೆಳಗ್ಗೆ ಕಾರ್ಬ್ಯುರೇಟರ್ ಕೆಳಗೆ ಮಂಜು ಕಟ್ಟಿ ಎಂಜಿನ್ ಮುಗ್ಗರಿಸುತ್ತದೆ.

ಇದನ್ನೆಲ್ಲ ಬೆಂಗಳೂರಿನಲ್ಲಿ ಓದುತ್ತಿರುವವರು ಕಟರ್ ಕೆಳಗಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದಿದೆ. ಮೇಲಾಗಿ ನಮ್ಮಲ್ಲಿ ಉಳಿದಿರುವುದೇ ಬೆರಳೆಣಿಕೆಯ ಬೀಟಲ್‌ಗಳು, ಅವುಗಳ ಮೂತಿ ಕತ್ತರಿಸಲು ಮನಸ್ಸಾದರೂ ಹೇಗೆ ಬಂದೀತು?

ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿ ಮುಗಿಸಿದವರು ಮೊದಲ ಧೂಳಿನ ಓಟ ಮುಗಿದೊಡನೆ ನೋಡಬೇಕಾದ್ದು ಹಿಂದಿನ ಆಕ್ಸಲ್ ನಟ್ಟು. 36 ಮಿ.ಮೀ. ಸಾಕೆಟ್, 300 ನ್ಯೂಟನ್ ಮೀಟರ್. ಸಾಮಾನ್ಯ ಪಾನಾಕ್ಕೆ ಉದ್ದದ ಪೈಪು ಸಿಕ್ಕಿಸದೆ ಬಗ್ಗುವುದಿಲ್ಲ. ಪಿನ್ನಿನ ರಂಧ್ರ ಕೂಡದಿದ್ದರೆ ಮುಂದಕ್ಕೆ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಲೇಬಾರದು. ಸಡಿಲಾದ ಬ್ರೇಕ್ ಡ್ರಮ್ಮಿನ ಹಲ್ಲು ದೊಡ್ಡ ಟೈರಿನ ಭಾರಕ್ಕೆ ಬೇಗ ಸವೆಯುತ್ತದೆ. ಸಾಕೆಟ್ಟಿನ ಜೊತೆ ಡಿಕ್ಕಿಯಲ್ಲಿ ಒಂದು ಫ್ಯಾನ್ ಬೆಲ್ಟೂ ಇರಲಿ. ಡ್ಯಾಶ್‌ಬೋರ್ಡಿನ ಕೆಂಪು ಜನರೇಟರ್ ದೀಪ ಹತ್ತಿದರೆ ಬೆಲ್ಟ್ ಹರಿದಿರಬಹುದು, ಹರಿದಿದ್ದರೆ ಫ್ಯಾನೂ ನಿಂತಿದೆ. ಮುಂದಿನ ನೆರಳಿನವರೆಗೆ ಹೋಗೋಣ ಅನ್ನದೆ ಅಲ್ಲೇ ಎಂಜಿನ್ ಆರಿಸಿ.