ತುಕ್ಕು ಹಿಡಿದ ಪಿಕಪ್ ಬಿಚ್ಚುವ ಕೆಲಸ: ಇಂಡಕ್ಷನ್ ಹೀಟರ್ ಜೊತೆ 18 ತಿಂಗಳು

ಈ ವಿಮರ್ಶೆ ಕೈಯಲ್ಲಿ ಹಿಡಿದು ಬಳಸುವ 1,000 ವ್ಯಾಟಿನ ಇಂಡಕ್ಷನ್ ಹೀಟರ್ ಬಗ್ಗೆ. ತುಕ್ಕು ಹಿಡಿದು ಕಚ್ಚಿಕೊಂಡ ನಟ್ಟು ಬೋಲ್ಟುಗಳನ್ನು ಬೆಂಕಿಯಿಲ್ಲದೆ ಕಾಯಿಸುವ ಉಪಕರಣ ಇದು. ಮನೆಯ ಶೆಡ್ಡಿನಲ್ಲಿ ನಾನೊಂದು ಹಳೆ ಪಿಕಪ್ ಬಿಚ್ಚುತ್ತಿದ್ದೇನೆ. ಕೆಲಸ ಶುರುವಾಗಿ ಎರಡು ವರ್ಷ, ಹೀಟರ್ ಬಂದು 18 ತಿಂಗಳು. ಮೊದಲ ಆರು ತಿಂಗಳು ಇದಿಲ್ಲದೆ ಒದ್ದಾಡಿದ್ದರಿಂದ ಎರಡರ ವ್ಯತ್ಯಾಸ ಚೆನ್ನಾಗಿ ಗೊತ್ತು.

ಹಳೆ ಗಾಡಿಗೆ ಮರುಜೀವ ಕೊಡುವುದು ಅಂದರೆ ಮೊದಲು ತಲೆಗೆ ಬರುವುದು ಎಂಜಿನ್. ನನಗೂ ಹಾಗೇ ಅನ್ನಿಸಿತ್ತು. ಆದರೆ ಇಲ್ಲಿಯವರೆಗೆ ಎಂಜಿನ್‌ಗೆ ಮಾಡಿದ್ದು ಇಷ್ಟೇ: ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೂ ಒಂದಿಷ್ಟು ಎಣ್ಣೆ ಬಿಟ್ಟೆ, ನಾಲ್ಕು ದಿನ ಸುಮ್ನೆ ಬಿಟ್ಟೆ, ಆಮೇಲೆ ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಬೋಲ್ಟಿಗೆ ಸ್ಪಾನರ್ ಹಾಕಿ ಕೈಯಲ್ಲೇ ತಿರುಗಿಸಿದೆ. ತಿರುಗಿತು. ಪ್ಲಗ್ ಮತ್ತೆ ಹಾಕಿ ಮುಚ್ಚಿಟ್ಟೆ. ಉಳಿದ ಸಮಯವೆಲ್ಲ ಹೋಗಿದ್ದು ಬಿಚ್ಚುವುದಕ್ಕೆ.

ಪಿಕಪ್ ಬಿಚ್ಚಲು ಒಳ್ಳೆಯ ಗಾಡಿ. ಕೆಳಗೆ ಏಣಿಯ ಹಾಗಿರುವ ಚಾಸಿಸ್, ಅದರ ಮೇಲೆ ಮುಂದೆ ಕ್ಯಾಬಿನ್, ಹಿಂದೆ ಸಾಮಾನು ಹೇರುವ ತೊಟ್ಟಿ. ಎರಡೂ ಬೇರೆ ಬೇರೆ, ಎರಡೂ ಬೋಲ್ಟಿನಲ್ಲೇ ನಿಂತಿರುತ್ತವೆ. ಮೊದಲು ತೊಟ್ಟಿ ಎತ್ತಿದರೆ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪು, ಹಿಂದಿನ ಲೀಫ್ ಸ್ಪ್ರಿಂಗ್, ಚಾಸಿಸ್ಸಿನ ನಿಜವಾದ ಸ್ಥಿತಿ ಎಲ್ಲವೂ ಕಣ್ಣೆದುರು ಬರುತ್ತವೆ. ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ತೊಟ್ಟಿಯಿಂದ ಅಂತಲೇ ಹೇಳುತ್ತೇನೆ.

ನನ್ನ ತೊಟ್ಟಿಗೆ ಎಂಟು ಬೋಲ್ಟು. ಎಣ್ಣೆ ಹಾಕಿ ಕಾದಾಗ ಮೂರು ಬಿಟ್ಟವು. ಸ್ಪಾನರಿಗೆ ಉದ್ದದ ಪೈಪು ಸಿಕ್ಕಿಸಿ ಎಳೆದಾಗ ಎರಡು ಮುರಿದವು. ಒಂದರ ತಲೆಯ ಕೆಳಗಿನ ಚೌಕ ಕುತ್ತಿಗೆಯನ್ನು ಹಿಡಿದುಕೊಳ್ಳುವ ತೂತೇ ತುಕ್ಕಿನಲ್ಲಿ ಕರಗಿತ್ತು. ನಟ್ಟು ತಿರುಗಿಸಿದರೆ ಬೋಲ್ಟೂ ಜೊತೆಗೇ ತಿರುಗುತ್ತಿತ್ತು, ಗ್ರೈಂಡರಿನಲ್ಲಿ ಕೊಯ್ಯಬೇಕಾಯಿತು. ತೊಟ್ಟಿಯ ಬೋಲ್ಟ್ ಮುರಿದರೆ ನಷ್ಟವಿಲ್ಲ, ಹೇಗಿದ್ದರೂ ಹೊಸದು ಹಾಕುವುದೇ. ನನಗೆ ನಿಜಕ್ಕೂ ನೋವಾಗಿದ್ದು ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೆ ಒಯ್ಯುವ ಕೊಳವೆ) ಹಿಡಿದಿಡುವ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್, ಸಿಲಿಂಡರ್ ಹೆಡ್ಡಿನ ಮಟ್ಟಕ್ಕೇ ಮುರಿದಾಗ. ಅದರ ಮೇಲೆ ನಟ್ಟಿಟ್ಟು ವೆಲ್ಡ್ ಮಾಡಿ ಹೊರತೆಗೆಯುವ ಹೊತ್ತಿಗೆ ಎರಡು ವಾರಾಂತ್ಯ ಹೋಗಿತ್ತು. ಹೀಟರ್ ತೆಗೆದುಕೊಳ್ಳಬೇಕು ಅಂತ ತೀರ್ಮಾನಿಸಿದ್ದು ಅವತ್ತೇ.

ಮುರಿಯುವ ಮುಂಚೆ ಬೋಲ್ಟು ಒಂದು ಸೂಚನೆ ಕೊಡುತ್ತದೆ. ಸರಿಯಾಗಿ ಬಿಡುವ ಬೋಲ್ಟ್ ಟಕ್ ಅಂತ ಸದ್ದು ಮಾಡಿ ಒಂದೇ ಸಲಕ್ಕೆ ಅಲುಗುತ್ತದೆ. ಮುರಿಯುವ ಬೋಲ್ಟ್ ಸದ್ದಿಲ್ಲದೆ ಮೆತ್ತಗೆ ತಿರುಗುತ್ತದೆ, ಗಟ್ಟಿ ರಬ್ಬರ್ ತಿರುಚಿದ ಹಾಗೆ. ತಿರುಗುತ್ತಿದೆ ಅಂತ ಖುಷಿಯಾಗುತ್ತದೆ, ಆದರೆ ಅಲ್ಲಿ ತಿರುಗುತ್ತಿರುವುದು ನಟ್ಟಲ್ಲ, ಬೋಲ್ಟಿನ ಮೈ. ಆ ಮೆತ್ತಗಿನ ಅನುಭವ ಕೈಗೆ ಸಿಕ್ಕ ತಕ್ಷಣ ನಿಲ್ಲಿಸಬೇಕು. ಪೈಪು ಸಿಕ್ಕಿಸಿ ಎಳೆದರೆ ಇದು ಕೈಗೆ ಗೊತ್ತಾಗುವುದೇ ಇಲ್ಲ.

ಈಗ ಹೀಟರ್ ವಿಷಯ. ಇದರ ತುದಿಯಲ್ಲಿ ತಾಮ್ರದ ಸುರುಳಿ ಇದೆ. ಅದನ್ನು ನಟ್ಟಿನ ಸುತ್ತ ಹಿಡಿದು ಬಟನ್ ಒತ್ತಿದರೆ, ಸುರುಳಿಯಲ್ಲಿ ವೇಗವಾಗಿ ದಿಕ್ಕು ಬದಲಿಸುವ ಕರೆಂಟು ಹರಿದು ನಟ್ಟಿನ ಒಳಗೇ ಕರೆಂಟು ಹುಟ್ಟುತ್ತದೆ, ಆ ಕರೆಂಟಿಗೆ ನಟ್ಟು ಕಾಯುತ್ತದೆ. ಸುರುಳಿ ನಟ್ಟಿಗೆ ತಾಗುವ ಅಗತ್ಯವೇ ಇಲ್ಲ. ನನ್ನದರಲ್ಲಿ 12 ಮಿ.ಮೀ. ಬೋಲ್ಟಿನ ನಟ್ಟು ಸುಮಾರು 20 ಸೆಕೆಂಡಿಗೆ ಮಂಕು ಕೆಂಪಿಗೆ ಬರುತ್ತದೆ. ಮೊದಲು ತುಕ್ಕಿನೊಳಗೆ ಇಳಿದಿದ್ದ ಎಣ್ಣೆ ಹೊಗೆಯಾಡುತ್ತದೆ, ಆಮೇಲೆ ಮೂಲೆಗಳು ನೀಲಿಯಾಗುತ್ತವೆ, ಆಮೇಲೆ ಕೆಂಪು. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣ ತನ್ನ ಅಯಸ್ಕಾಂತ ಗುಣ ಕಳೆದುಕೊಳ್ಳುತ್ತದೆ, ಕಾಯುವ ವೇಗವೂ ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಹೋಗುವ ಅಗತ್ಯವೂ ಇಲ್ಲ.

ಕಾದರೆ ಎಷ್ಟು ಹಿಗ್ಗುತ್ತದೆ ಅಂತ ಲೆಕ್ಕ ಹಾಕಿ ನೋಡಿದೆ. 12 ಮಿ.ಮೀ. ನಟ್ಟು 300 ಡಿಗ್ರಿ ಬಿಸಿಯಾದರೆ ಅದರ ತೂತು ದೊಡ್ಡದಾಗುವುದು ಸುಮಾರು 0.04 ಮಿ.ಮೀ. ಮಾತ್ರ. ಒಂದು ಹಾಳೆಯ ದಪ್ಪದ ಅರ್ಧದಷ್ಟೂ ಇಲ್ಲ. ಆದರೆ ತುಕ್ಕಿನ ಹಿಡಿತ ಬಿಡಿಸಲು ಅಷ್ಟೇ ಸಾಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ, ಹಾಗಾಗಿ ಥ್ರೆಡ್ಡುಗಳ (ನಟ್ಟು ಬೋಲ್ಟಿನ ತಿರುಪಿನ ಗೀರುಗಳ) ಮಧ್ಯೆ ಆಪು ಹೊಡೆದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ನಟ್ಟು ಹಿಗ್ಗಿ ಕುಗ್ಗಿದಾಗ ಆ ತುಕ್ಕು ಬಿರುಕು ಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ಕಲಿಯಲು ನನಗೆ ಸಮಯ ಹಿಡಿಯಿತು. ಜಾಸ್ತಿ ಹೊತ್ತು ಕಾಯಿಸಿದರೆ ಜಾಸ್ತಿ ಲಾಭ ಅಂತ ಅಲ್ಲ. ಮೊದಲು ಕಾಯುವುದು ನಟ್ಟು, ನಿಧಾನಕ್ಕೆ ಆ ಬಿಸಿ ಬೋಲ್ಟಿಗೂ ಇಳಿಯುತ್ತದೆ. ಎರಡೂ ಒಂದೇ ಸಮ ಕಾದರೆ ಎರಡೂ ಒಂದೇ ಸಮ ಹಿಗ್ಗುತ್ತವೆ, ಆಗ ಏನೂ ಪ್ರಯೋಜನವಿಲ್ಲ. ಈಗ ನಾನು ಹೀಗೆ ಮಾಡುತ್ತೇನೆ: ವೈರ್ ಬ್ರಶ್ಶಿನಲ್ಲಿ ಥ್ರೆಡ್ ಉಜ್ಜಿ ಹಿಂದಿನ ದಿನವೇ ತೂರುವ ಎಣ್ಣೆ ಹಾಕುತ್ತೇನೆ. ಮರುದಿನ ಎಣ್ಣೆ ಒರೆಸಿ 15 ಸೆಕೆಂಡು ಕಾಯಿಸಿ ಬಿಡುತ್ತೇನೆ. ಬಿಸಿ ಇರುವಾಗಲೇ ಥ್ರೆಡ್ಡಿಗೆ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಸಂದಿಯೊಳಗೆ ಹೋಗುತ್ತದೆ. ಆಮೇಲೆ ಆರು ಮೂಲೆಯ ಸಾಕೆಟ್ ಹಾಕಿ, ಮೊದಲು ಒಂದು ಕೂದಲೆಳೆಯಷ್ಟು ಬಿಗಿಗೊಳಿಸುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಹನ್ನೆರಡು ಮೂಲೆಯ ಸಾಕೆಟ್ ಮಾತ್ರ ಬೇಡ, ತುಕ್ಕು ತಿಂದ ನಟ್ಟನ್ನು ಅದು ಗುಂಡಗೆ ಮಾಡಿಬಿಡುತ್ತದೆ. ಈ ಕ್ರಮ ರೂಢಿಯಾದ ಮೇಲೆ ಹೀಟರ್ ಮುಟ್ಟಿಸಿದ ಬೋಲ್ಟುಗಳಲ್ಲಿ ಮುರಿದಿದ್ದು ಒಂದೇ.

ಗ್ಯಾಸ್ ಟಾರ್ಚಿಗಿಂತ ಇದು ಎಲ್ಲಿ ಮೇಲು? ಬೆಂಕಿ ಹರಡುತ್ತದೆ, ಇದು ಹರಡುವುದಿಲ್ಲ. ಒಂದು ಅಂಗುಲದಾಚೆ ವೈರಿಂಗ್ ಇದ್ದರೂ ನಟ್ಟನ್ನು ಮಾತ್ರ ಕಾಯಿಸಬಹುದು. ಬ್ರೇಕ್ ಹೋಸಿನ ಪಕ್ಕದ ಬ್ರಾಕೆಟ್ ಬೋಲ್ಟ್ ಬಿಚ್ಚುವಾಗ ನಡುವೆ ಒದ್ದೆ ಬಟ್ಟೆ ಇಟ್ಟುಕೊಂಡಿದ್ದೆ, ಬಟ್ಟೆ ಬೆಚ್ಚಗೂ ಆಗಲಿಲ್ಲ.

ಹಾಗಂತ ಎಲ್ಲದಕ್ಕೂ ಆಗುವುದಿಲ್ಲ. ಲೀಫ್ ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ಸೇರಿಸುವ ಕೊಂಡಿಯ, ಅಂದರೆ ಶ್ಯಾಕಲ್‌ನ, ಬೋಲ್ಟಿನಲ್ಲಿ ಇದು ಪೂರ್ತಿ ಸೋತಿತು. ಅಲ್ಲಿ ಬೋಲ್ಟ್ ಕಚ್ಚಿಕೊಂಡಿರುವುದು ನಟ್ಟಿಗೆ ಅಲ್ಲ, ರಬ್ಬರ್ ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಗೆ. ಸುರುಳಿ ಅಲ್ಲಿಗೆ ತಲುಪುವುದಿಲ್ಲ. ಹೊರಗಿನಿಂದ ಕಾಯಿಸಿದರೆ ರಬ್ಬರ್ ಸುಟ್ಟು ಶೆಡ್ ತುಂಬ ಗಾಟು ಹೊಗೆ. ಕೊನೆಗೆ ನಾಲ್ಕನ್ನೂ ಎರಡೂ ಕಡೆ ಗ್ರೈಂಡರಿನಲ್ಲಿ ಕೊಯ್ದೆ. ಹೊಸ ಬುಶ್ ಹೇಗೂ ಬೇಕಿತ್ತು. ಅಲ್ಯೂಮಿನಿಯಮ್ ಭಾಗಗಳ ಮೇಲೂ ಇದು ಹೆಚ್ಚು ಕೆಲಸ ಮಾಡುವುದಿಲ್ಲ.

ಒಂದು ಕಡೆ ತಪ್ಪು ಪೂರ್ತಿ ನನ್ನದು. ಎಡಗಡೆ ಮುಂದಿನ ಚಕ್ರದ ನಟ್ಟುಗಳು ಜಪ್ಪಯ್ಯ ಅಂದರೂ ಬಿಡಲಿಲ್ಲ. ಎರಡನ್ನು ಕೆಂಪಗೆ ಕಾಯಿಸಿದೆ, ಆದರೂ ಇಲ್ಲ. ಅಪ್ಪ ಬಂದು ಪಕ್ಕದಲ್ಲಿ ಕೂತರು. "ಮೊದಲು ಸ್ಟಡ್ಡಿನ ತುದಿ ಒರೆಸಿ ನೋಡೋ, ಏನೋ ಬರೆದ ಹಾಗಿದೆ" ಅಂದರು. ಬಟ್ಟೆಯಲ್ಲಿ ಒರೆಸಿದಾಗ ತುಕ್ಕಿನ ಕೆಳಗೆ ‘ಎಲ್’ ಅಕ್ಷರ ಕಂಡಿತು. ಎಡಗೈ ಥ್ರೆಡ್. ಹಳೆಯ ಕೆಲವು ಟ್ರಕ್ಕುಗಳಲ್ಲಿ ಎಡಗಡೆ ಚಕ್ರದ ನಟ್ಟು ಉಲ್ಟಾ ತಿರುಗುತ್ತದೆ, ಓಡುವಾಗ ತಾನಾಗೇ ಸಡಿಲವಾಗಬಾರದು ಅಂತ. ನಾನು ಅಷ್ಟು ಹೊತ್ತೂ ಬಿಗಿ ಮಾಡುತ್ತಿದ್ದೆ. ಬಲಕ್ಕೆ ತಿರುಗಿಸಿದರೆ ಕಾಯಿಸದೆ ಇದ್ದ ನಟ್ಟುಗಳೂ ಸಲೀಸಾಗಿ ಬಂದವು. ಕಾಯಿಸಿದ ಎರಡು ಸ್ಟಡ್ ತೆಗೆದು ಹೊಸದು ಹಾಕಿದೆ. ಕೆಂಪಗೆ ಕಾದ ಬೋಲ್ಟಿನ ಗಡಸುತನ ಹೋಗಿರುತ್ತದೆ, ಚಕ್ರ, ಬ್ರೇಕ್, ಸ್ಟಿಯರಿಂಗಿನಲ್ಲಿ ಅದನ್ನು ಮತ್ತೆ ಬಳಸಲೇಬಾರದು. ತಲೆಯ ಮೇಲೆ 8.8 ಅಥವಾ 10.9 ಅಂತ ಇದ್ದರೆ ಅದೇ ದರ್ಜೆಯ ಹೊಸ ಬೋಲ್ಟ್ ತನ್ನಿ.

ಉಪಕರಣ ಬಾಳಿಕೆ ಬಂದಿದೆಯಾ ಅಂದರೆ, ಯಂತ್ರ ಬಂದಿದೆ, ಸುರುಳಿಗಳು ಬಂದಿಲ್ಲ. ತಾಮ್ರದ ಮೇಲಿನ ಬಟ್ಟೆಯಂಥ ಹೊದಿಕೆ ಕೆಂಪು ಕಬ್ಬಿಣಕ್ಕೆ ತಾಗಿ ತಾಗಿ ಕರಕಲಾಗುತ್ತದೆ. ತಾಮ್ರ ಬರಿದಾದ ಮೇಲೆ ಆ ಸುರುಳಿ ಎತ್ತಿಡಬೇಕು. 18 ತಿಂಗಳಲ್ಲಿ ಮೂರು ಸುರುಳಿ ಬದಲಿಸಿದ್ದೇನೆ. ಸುರುಳಿಯನ್ನು ನಟ್ಟಿಗಿಂತ ಒಂದು ಗಾತ್ರ ದೊಡ್ಡದು ಬಳಸಲು ಶುರು ಮಾಡಿದ ಮೇಲೆ ಬಾಳಿಕೆ ಜಾಸ್ತಿಯಾಯಿತು. ಸಣ್ಣ ಎಕ್ಸ್‌ಟೆನ್ಶನ್ ವೈರಿನಲ್ಲಿ ಯಂತ್ರ ತಾನೇ ಆಫ್ ಆಗುತ್ತಿತ್ತು, ದಪ್ಪ ವೈರ್ ಹಾಕಿದ ಮೇಲೆ ಆ ತೊಂದರೆ ಇಲ್ಲ. ಎರಡು ನಿಮಿಷ ಓಡಿಸಿದರೆ ಅಷ್ಟೇ ಹೊತ್ತು ತಣಿಯಲು ಬಿಡಬೇಕು, ಇದಕ್ಕೆ ತಾಳ್ಮೆ ಬೇಕು. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ಕಳೆದಿದ್ದು ಸುರುಳಿಗೆ.

ದಯವಿಟ್ಟು ಇದನ್ನು ಓದದೆ ಮುಂದೆ ಹೋಗಬೇಡಿ. ಬೆಂಕಿ ಇಲ್ಲ ಅಂದ ಮಾತ್ರಕ್ಕೆ ಇದು ಬೆಂಕಿ ಹಚ್ಚುವುದಿಲ್ಲ ಅಂತಲ್ಲ. ಕೆಂಪು ನಟ್ಟು ಎಣ್ಣೆಯನ್ನೂ ಪೆಟ್ರೋಲ್ ಆವಿಯನ್ನೂ ಹೊತ್ತಿಸುತ್ತದೆ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆಲ್ಲ ಆವಿ ಇರುತ್ತದೆ. ನಾನು ಟ್ಯಾಂಕಿನ ಪಟ್ಟಿಯ ಬೋಲ್ಟುಗಳನ್ನು ಬರೀ ಎಣ್ಣೆ ಮತ್ತು ಕೈಗರಗಸದಲ್ಲೇ ಬಿಡಿಸಿದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹಚ್ಚಿದ ಜಾಗವನ್ನು ಕಾಯಿಸಿದರೆ ಫಾಸ್ಜೀನ್ ಅನ್ನುವ ವಿಷಗಾಳಿ ಹುಟ್ಟಬಹುದು. ಸತು ಲೇಪಿಸಿದ ಬೋಲ್ಟ್ ಕಾಯಿಸಿದರೆ ಬರುವ ಬಿಳಿ ಹೊಗೆ ಜ್ವರ ಬರಿಸುತ್ತದೆ. ಶಾಕ್ ಅಬ್ಸಾರ್ಬರ್ ಮೈಗೆ ಬಿಸಿ ತಾಗಿಸಬೇಡಿ, ಸಿಡಿಯಬಹುದು. ಬೆರಳಿನ ಉಂಗುರ ತೆಗೆದಿಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇದರ ಹತ್ತಿರವೂ ಬರಬಾರದು. ಗಾಡಿ ಕೆಳಗೆ ತೂರುವಾಗ ಜಾಕ್ ಒಂದನ್ನೇ ನಂಬಬೇಡಿ, ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಒಮ್ಮೆ ಜೋರಾಗಿ ತಳ್ಳಿ ನೋಡಿ, ಆಮೇಲೆ ಮಲಗಿ.

ಬರೀ ಒಂದೆರಡು ಬೋಲ್ಟಿಗೆ ಇದನ್ನು ಕೊಳ್ಳಬೇಡಿ, ಗೊತ್ತಿರುವವರ ಹತ್ತಿರ ಎರವಲು ತನ್ನಿ. ಇಡೀ ಗಾಡಿ ಬಿಚ್ಚುವ ಮನಸ್ಸಿದ್ದರೆ ಮಾತ್ರ ಕೊಳ್ಳಿ, ಆದರೆ ಮೊದಲ ದಿನವೇ ಕೊಳ್ಳಿ. ನಾನು ಆರು ತಿಂಗಳು ತಡ ಮಾಡಿದೆ. ಆ ಮ್ಯಾನಿಫೋಲ್ಡ್ ಸ್ಟಡ್ ಉಳಿಯುತ್ತಿತ್ತು ಅಂತ ಈಗಲೂ ಅನ್ನಿಸುತ್ತದೆ.

ಸದ್ಯ ತೊಟ್ಟಿ ಗೋಡೆಗೆ ಒರಗಿ ನಿಂತಿದೆ. ಬಿಚ್ಚಿದ ಬೋಲ್ಟುಗಳು ಒಂದೊಂದು ಜಾಗದ್ದು ಒಂದೊಂದು ಚೀಲದಲ್ಲಿ ಚೀಟಿ ಸಮೇತ ಇವೆ, ಮುರಿದವೂ ಇವೆ, ಉದ್ದ ಅಳೆಯಲು ಬೇಕಾಗುತ್ತವೆ. ಕ್ಯಾಬಿನ್ನಿನ ಆರು ಬೋಲ್ಟುಗಳಲ್ಲಿ ಐದು ಬಂದಿವೆ. ಆರನೆಯದು ಡ್ರೈವರ್ ಕಾಲಿನ ಕೆಳಗಿದೆ, ಅದಕ್ಕೆ ಇವತ್ತು ಬೆಳಿಗ್ಗೆ ಮೂರನೇ ಸಲ ಎಣ್ಣೆ ಹಾಕಿದ್ದೇನೆ. ನಾಳೆ 15 ಸೆಕೆಂಡು ಕಾಯಿಸಿ ನೋಡಬೇಕು.